ನಗರದ ಡಿಜಿಟಲ್ ಅವಳಿ: ರಾಜಕಾಲುವೆಯ ಒಂದು ಸೆನ್ಸರ್‌ನಿಂದ ನೆರೆಯ ಮುನ್ಸೂಚನೆಯವರೆಗೆ

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆ 2015ರ ಜೂನ್ 25ರಂದು ಆರಂಭವಾಗಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಆಯ್ಕೆಯಾದ ನೂರು ನಗರಗಳಲ್ಲಿ ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಮತ್ತು ಬೆಂಗಳೂರು ಸೇರಿ ಏಳು ಕರ್ನಾಟಕದವು. ಈ ಹಣದಲ್ಲಿ ಆದ ರಸ್ತೆ, ಪಾರ್ಕು, ಪಾದಚಾರಿ ಮಾರ್ಗಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಕೆಲಸವೂ ಆಗಿದೆ: ನೂರೂ ನಗರಗಳಲ್ಲಿ ಒಂದೊಂದು ಸಮಗ್ರ ನಿಯಂತ್ರಣ ಕೇಂದ್ರ ಸ್ಥಾಪನೆಯಾಗಿದ್ದು, ಬೀದಿದೀಪ, ಕಸದ ಗಾಡಿ, ಕ್ಯಾಮೆರಾ, ಗಾಳಿಯ ಗುಣಮಟ್ಟ ಅಳೆಯುವ ಯಂತ್ರ ಮುಂತಾದವುಗಳಿಂದ ಬರುವ ಮಾಹಿತಿ ಅಲ್ಲಿನ ಪರದೆಗಳ ಮೇಲೆ ಮೂಡುತ್ತದೆ.

ಅದರ ಮುಂದಿನ ಹೆಜ್ಜೆ ಎಂದು ‘ಡಿಜಿಟಲ್ ಟ್ವಿನ್’ ಅಥವಾ ಡಿಜಿಟಲ್ ಅವಳಿಯ ಮಾತು ಈಗ ಟೆಂಡರ್ ಪ್ರಕಟಣೆಗಳಲ್ಲೂ ಅಧಿಕಾರಿಗಳ ಹೇಳಿಕೆಗಳಲ್ಲೂ ಕೇಳಿಬರುತ್ತಿದೆ. ಕೇಂದ್ರದ ದೂರಸಂಪರ್ಕ ಇಲಾಖೆ 2024ರ ಫೆಬ್ರುವರಿಯಲ್ಲಿ ‘ಸಂಗಮ್’ ಎಂಬ ಹೆಸರಿನಡಿ ಇದೇ ವಿಷಯದ ಪ್ರಯೋಗಕ್ಕೆ ಸಂಸ್ಥೆಗಳನ್ನು ಆಹ್ವಾನಿಸಿತು. ಸುದ್ದಿಯ ಜೊತೆಗೆ ಬರುವ ಚಿತ್ರಗಳಲ್ಲಿ ಸಾಮಾನ್ಯವಾಗಿ ನೀಲಿ ಬೆಳಕಿನ ಗೆರೆಗಳಿಂದ ಬರೆದ ಎತ್ತರದ ಕಟ್ಟಡಗಳು ಇರುತ್ತವೆ. ಅವನ್ನು ನೋಡಿದವರಿಗೆ ಡಿಜಿಟಲ್ ಅವಳಿ ಎಂದರೆ ನಗರದ ಮೂರು ಆಯಾಮದ ಚಿತ್ರವಿರಬೇಕು ಅನ್ನಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಚಿತ್ರ ಅದರ ಅತ್ಯಂತ ಸುಲಭದ ಭಾಗ. ಕಷ್ಟವಾದದ್ದು, ನಗರದಲ್ಲಿ ಚೆದುರಿರುವ ಸಾವಿರಾರು ಉಪಕರಣಗಳಲ್ಲಿ ಪ್ರತಿಯೊಂದೂ ಏನನ್ನು ಅಳೆಯುತ್ತದೆ, ಎಲ್ಲಿ ನಿಂತು ಅಳೆಯುತ್ತದೆ, ಆ ಅಳತೆ ಮತ್ತೆ ಯಾವುದಕ್ಕೆ ಸಂಬಂಧಿಸಿದ್ದು ಎಂಬುದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದಿಡುವುದು. ಈ ಲೇಖನ ಮುಖ್ಯವಾಗಿ ಆ ಕಷ್ಟದ ಭಾಗದ ಬಗ್ಗೆ. ಉದಾಹರಣೆಗೆ ಬೆಂಗಳೂರಿನ ಮಳೆನೀರನ್ನು ತೆಗೆದುಕೊಳ್ಳೋಣ.

ಅವಳಿ ಎಂದು ಯಾವುದನ್ನು ಕರೆಯುತ್ತಾರೆ

ಹೊರಗಿನ ಲೋಕದಲ್ಲಿರುವ ಒಂದು ವಸ್ತುವಿಗೆ ಅಥವಾ ವ್ಯವಸ್ಥೆಗೆ ಕಂಪ್ಯೂಟರಿನಲ್ಲಿ ಕಟ್ಟಿದ ಪ್ರತಿರೂಪವೇ ಡಿಜಿಟಲ್ ಅವಳಿ. ಆದರೆ ಪ್ರತಿರೂಪಗಳೆಲ್ಲ ಅವಳಿಗಳಲ್ಲ. ಮೂಲ ವಸ್ತುವಿನಿಂದ ಬರುವ ಅಳತೆಗಳನ್ನು ನೋಡಿ ಅದು ಆಗಾಗ ತನ್ನನ್ನು ತಿದ್ದಿಕೊಳ್ಳುತ್ತಿರಬೇಕು, ಮತ್ತು ‘ಹೀಗಾದರೆ ಮುಂದೆ ಏನಾದೀತು’ ಎಂದು ಕೇಳಿದಾಗ ಲೆಕ್ಕ ಹಾಕಿ ಉತ್ತರ ಕೊಡುವಂತಿರಬೇಕು.

ಇದರ ಮೂಲ ಬಾಹ್ಯಾಕಾಶ ಮತ್ತು ಕಾರ್ಖಾನೆಗಳಲ್ಲಿದೆ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿದಾಗ, ಭೂಮಿಯ ಮೇಲಿನ ತಜ್ಞರು ತರಬೇತಿಗೆಂದು ಇದ್ದ ಸಿಮ್ಯುಲೇಟರ್‌ಗಳನ್ನು ಹಾಳಾದ ನೌಕೆಯ ಸ್ಥಿತಿಗೆ ಹೊಂದಿಸಿ, ಗಗನಯಾತ್ರಿಗಳಿಗೆ ಹೇಳಬೇಕಾದ ಕ್ರಮಗಳನ್ನು ಮೊದಲು ಅಲ್ಲೇ ಪರೀಕ್ಷಿಸಿ ನೋಡಿದರು. ಅದಕ್ಕೆ ಆಗ ಈ ಹೆಸರಿರಲಿಲ್ಲ. ತಯಾರಾಗುವ ಪ್ರತಿಯೊಂದು ವಸ್ತುವಿಗೂ ಅದರ ಆಯುಷ್ಯದುದ್ದಕ್ಕೂ ಜೊತೆಗಿರುವ ಒಂದು ಡಿಜಿಟಲ್ ಪ್ರತಿರೂಪ ಇರಬೇಕು ಎಂಬ ಕಲ್ಪನೆಯನ್ನು ಮೈಕೆಲ್ ಗ್ರೀವ್ಸ್ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಮಂಡಿಸಿದರು. ‘ಡಿಜಿಟಲ್ ಟ್ವಿನ್’ ಎಂಬ ಹೆಸರು ನಾಸಾದ ಜಾನ್ ವಿಕರ್ಸ್ ಅವರದೆಂದು ಗ್ರೀವ್ಸ್ ಅವರೇ ಹೇಳಿದ್ದಾರೆ. ವಿಮಾನದ ಎಂಜಿನ್ನಿಗೆ, ಗಾಳಿಯಂತ್ರಕ್ಕೆ ಅವಳಿ ಕಟ್ಟುವುದು ರೂಢಿಯಾದ ಮೇಲೆ ನಗರಕ್ಕೂ ಕಟ್ಟಬಾರದೇಕೆ ಎಂಬ ಪ್ರಶ್ನೆ ಹುಟ್ಟಿತು.

ಇಲ್ಲಿ ಮೂರು ಹಂತಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ವಾಡಿಕೆ. ನಗರದ ಕಾಲುವೆಗಳ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಅದನ್ನು ಕೈಯಿಂದಲೇ ಆಗಾಗ ತಿದ್ದುತ್ತಿದ್ದರೆ ಅದು ಡಿಜಿಟಲ್ ಮಾದರಿ ಮಾತ್ರ. ಕಾಲುವೆಯಲ್ಲಿ ನೀರು ಏರಿದಾಗ ಆ ನಕ್ಷೆಯಲ್ಲೂ ತಾನಾಗಿ ಏರಿದರೆ ಅದು ಡಿಜಿಟಲ್ ನೆರಳು. ಇದರಲ್ಲಿ ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಪ್ರತಿರೂಪ ಹಾಕಿದ ಲೆಕ್ಕ ವಾಪಸು ನಗರಕ್ಕೆ ಬಂದು, ಒಂದು ಗೇಟ್ ತೆರೆದರೆ, ಪಂಪ್ ಚಾಲೂ ಆದರೆ ಅಥವಾ ಸಿಗ್ನಲ್ ಬದಲಾದರೆ ಅದು ಅವಳಿ. ಬೆಂಗಳೂರಿನ ಕೆಲವು ಜಂಕ್ಷನ್‌ಗಳಲ್ಲಿರುವ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ಸಿಗ್ನಲ್ ವ್ಯವಸ್ಥೆ ವಾಹನಗಳ ಸಾಲನ್ನು ಅಂದಾಜಿಸಿ ಹಸಿರು ದೀಪದ ಅವಧಿಯನ್ನು ತಾನೇ ಹೊಂದಿಸುತ್ತದೆ. ಸಣ್ಣ ವ್ಯಾಪ್ತಿಯಲ್ಲಾದರೂ ಅಲ್ಲಿ ಮಾಹಿತಿ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಈ ಕಟ್ಟುನಿಟ್ಟಿನ ಅಳತೆಗೋಲು ಹಿಡಿದರೆ, ಅವಳಿ ಎಂಬ ಹೆಸರು ಹೊತ್ತ ನಗರ ಯೋಜನೆಗಳಲ್ಲಿ ಹಲವು ನೆರಳಿನ ಹಂತದಲ್ಲೇ ಇವೆ. ಅದು ಕೊರತೆಯೇನಲ್ಲ, ಲೆಕ್ಕಕ್ಕೂ ಕ್ರಮಕ್ಕೂ ನಡುವೆ ಒಬ್ಬ ಎಂಜಿನಿಯರ್ ಇರುವುದು ನಗರದ ಮಟ್ಟಿಗೆ ಬಹುತೇಕ ಒಳ್ಳೆಯದೇ.

ಕಾಲುವೆಯ ಮೇಲೊಂದು ಸೆನ್ಸರ್

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆಗೆ ಹೊರವರ್ತುಲ ರಸ್ತೆ ಮತ್ತು ಮಹದೇವಪುರದ ಬಡಾವಣೆಗಳು ಮುಳುಗಿ, ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ನೀರು ನಿಲ್ಲುತ್ತದೆ ಎಂಬುದು ಅರ್ಧ ಗಂಟೆ ಮೊದಲು ತಿಳಿದರೂ ರಸ್ತೆಗೆ ಅಡ್ಡಗಟ್ಟೆ ಹಾಕಲು ಸಮಯ ಸಿಗುತ್ತದೆ. ಆ ಅರ್ಧ ಗಂಟೆಗಾಗಿಯೇ ನಗರದಲ್ಲಿ ಮಳೆಮಾಪಕಗಳೂ ರಾಜಕಾಲುವೆಗಳ ಮೇಲೆ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳೂ ಇವೆ.

ಇಂಥ ಸೆನ್ಸರ್‌ಗಳಲ್ಲಿ ಒಂದು ಬಗೆ ಶಬ್ದದಿಂದ ಅಳೆಯುತ್ತದೆ. ಕಾಲುವೆಯ ಮೇಲಿನ ಸೇತುವೆಗೆ ಕೂರಿಸಿದ ಪೆಟ್ಟಿಗೆ ನಮ್ಮ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ ಶಬ್ದವನ್ನು ಕೆಳಕ್ಕೆ ಕಳಿಸಿ, ಅದು ನೀರಿಗೆ ಬಡಿದು ಮರಳಲು ಹಿಡಿದ ಸಮಯವನ್ನು ಎಣಿಸುತ್ತದೆ. ಪೆಟ್ಟಿಗೆ ಕಾಲುವೆಯ ತಳದಿಂದ 4 ಮೀಟರ್ ಮೇಲಿದೆ, ಪ್ರತಿಧ್ವನಿ 17.5 ಮಿಲಿಸೆಕೆಂಡಿನಲ್ಲಿ ಮರಳಿತು ಎಂದುಕೊಳ್ಳೋಣ. ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಹೋಗಿಬರುವ ದಾರಿ 6 ಮೀಟರ್ ಆಯಿತು. ಅಂದರೆ ನೀರು ಪೆಟ್ಟಿಗೆಯಿಂದ 3 ಮೀಟರ್ ಕೆಳಗಿದೆ, ಕಾಲುವೆಯಲ್ಲಿ ಒಂದು ಮೀಟರ್ ಆಳದ ನೀರಿದೆ.

ಇಷ್ಟು ಸರಳವಾಗಿ ಮುಗಿಯುವುದಿಲ್ಲ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಮೇ ತಿಂಗಳ ಸಂಜೆ 32 ಡಿಗ್ರಿ ಇದ್ದಾಗ ಅದೇ 17.5 ಮಿಲಿಸೆಕೆಂಡಿಗೆ ನೀರಿನ ಆಳ ಒಂದು ಮೀಟರ್ ಅಲ್ಲ, ಸುಮಾರು 94 ಸೆಂಟಿಮೀಟರ್. ಆದ್ದರಿಂದ ಒಳ್ಳೆಯ ಉಪಕರಣದಲ್ಲಿ ಉಷ್ಣಾಂಶ ಅಳೆಯುವ ಇನ್ನೊಂದು ಸೆನ್ಸರ್ ಕೂಡ ಇರುತ್ತದೆ. ಕಾಲುವೆಯಲ್ಲಿ ತೇಲಿಬರುವ ಥರ್ಮೊಕೋಲ್ ಅಥವಾ ಪ್ಲಾಸ್ಟಿಕ್ ಚೀಲಗಳ ರಾಶಿಗೆ ಬಡಿದ ಶಬ್ದವೂ ಮರಳುತ್ತದೆ. ನೀರು ಯಾವುದು, ಕಸ ಯಾವುದು ಎಂದು ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಇನ್ನು ತಳದಲ್ಲಿ ಅರ್ಧ ಮೀಟರ್ ಹೂಳು ತುಂಬಿದ್ದರೆ, ಉಪಕರಣ ಹೇಳುವ ಒಂದು ಮೀಟರ್‌ನಲ್ಲಿ ಅರ್ಧ ಮಣ್ಣೇ. ಸಂಖ್ಯೆ ಸರಿಯಾಗಿಯೇ ಬಂದಿರುತ್ತದೆ, ಆದರೆ ಅದನ್ನು ನೀರಿನ ಆಳ ಎಂದು ಓದುವಂತಿಲ್ಲ.

ಸಂಖ್ಯೆಯ ಹಿಂದಿನ ವಿವರ

ಒಂದು ಮಳೆಮಾಪಕದಿಂದ ‘42’ ಎಂಬ ಸಂಖ್ಯೆ ಬಂತು ಎನ್ನೋಣ. ಅದು ಮಿಲಿಮೀಟರ್ ಇರಬಹುದು. ಆದರೆ ಕಳೆದ 15 ನಿಮಿಷದಲ್ಲಿ ಬಿದ್ದ 42 ಮಿ.ಮೀ. ಆದರೆ ಅದು ಭೀಕರ ಮಳೆ. ಗಂಟೆಗೆ 42 ಮಿ.ಮೀ. ವೇಗದಲ್ಲಿ ಬೀಳುತ್ತಿದೆ ಎಂದಾದರೆ ಜೋರು ಮಳೆ. ಬೆಳಿಗ್ಗೆಯಿಂದ ಒಟ್ಟು 42 ಎಂದಾದರೆ ಸಾಧಾರಣ ಮಳೆಗಾಲದ ದಿನ. ಆ ‘ಬೆಳಿಗ್ಗೆ’ ಎನ್ನುವುದಕ್ಕೂ ವಿವರ ಬೇಕು, ಏಕೆಂದರೆ ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಶುರುವಾಗುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ.

ಸಮಯದಲ್ಲಿ ಇನ್ನೊಂದು ಎಡವಟ್ಟಿದೆ. ಕೆಲವು ಉಪಕರಣಗಳು ಭಾರತೀಯ ಕಾಲಮಾನ ದಾಖಲಿಸುತ್ತವೆ, ಕೆಲವು ಅಂತರರಾಷ್ಟ್ರೀಯ ಕಾಲಮಾನ ದಾಖಲಿಸುತ್ತವೆ. ಯಾವುದು ಯಾವ ಕಾಲಮಾನವೆಂದು ಬರೆಯದೆ ಎರಡನ್ನೂ ಕೂಡಿಸಿದರೆ, ಕಾಲುವೆಯಲ್ಲಿ ನೀರು ಏರಿದ್ದು ಮಳೆ ಬರುವುದಕ್ಕೆ ಐದೂವರೆ ಗಂಟೆ ಮೊದಲು ಎಂದು ಕಂಪ್ಯೂಟರ್ ತಿಳಿಯುತ್ತದೆ. ಸ್ಥಳದ ವಿಷಯವೂ ಹಾಗೆಯೇ. ಬೆಂಗಳೂರಿನ ಅಕ್ಷಾಂಶ ಸುಮಾರು 12.97, ರೇಖಾಂಶ 77.59. ಕೆಲವು ದತ್ತಾಂಶ ಕ್ರಮಗಳಲ್ಲಿ ಅಕ್ಷಾಂಶ ಮೊದಲು ಬರುತ್ತದೆ, ಕೆಲವುಗಳಲ್ಲಿ ರೇಖಾಂಶ. ಇವೆರಡನ್ನು ಅದಲುಬದಲು ಮಾಡಿದರೆ ಕಬ್ಬನ್ ಪಾರ್ಕಿನ ಮಳೆಮಾಪಕ ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನಗೆ ಬರಿಸುವ ತಪ್ಪು ಇದು, ಆದರೆ ಈ ಕೆಲಸದಲ್ಲಿರುವವರಿಗೆಲ್ಲ ಪರಿಚಿತ.

ಹೀಗಾಗಿ ಪ್ರತಿ ಉಪಕರಣಕ್ಕೂ, ಅದು ಕಳಿಸುವ ಪ್ರತಿ ಅಳತೆಗೂ ಒಂದು ವಿವರಣೆಯನ್ನು ಜೋಡಿಸಬೇಕಾಗುತ್ತದೆ. ಇದನ್ನೇ ದತ್ತಾಂಶ ಮಾದರಿ ಎನ್ನುತ್ತಾರೆ. ಅದರಲ್ಲಿ ಉಪಕರಣದ ಗುರುತಿನ ಸಂಖ್ಯೆ, ಅಳೆಯುವ ಗುಣ, ಅಳತೆಯ ಮಾನ, ಸಮಯ, ಸ್ಥಳ, ಎತ್ತರ, ಎಷ್ಟು ನಿಖರ, ಕೊನೆಯ ಸಲ ಸರಿಪಡಿಸಿದ ದಿನಾಂಕ ಇವೆಲ್ಲ ಇರುತ್ತವೆ. ಆದರೆ ಇವೆಲ್ಲವೂ ಉಪಕರಣದ ಸ್ವಂತ ವಿವರಗಳಾದವು. ಡಿಜಿಟಲ್ ಅವಳಿಗೆ ಇವಕ್ಕಿಂತ ಮುಖ್ಯವಾದದ್ದು ಸಂಬಂಧಗಳು. ಜಮೀನಿನ ಕ್ರಯಪತ್ರ ಓದಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಸರ್ವೆ ನಂಬರು, ವಿಸ್ತೀರ್ಣ ಬರೆದರೆ ಸಾಲದೆಂದು ಚೆಕ್ಕುಬಂದಿಯನ್ನೂ ಬರೆಯುತ್ತಾರೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು. ಸುತ್ತ ಏನಿದೆ ಎಂಬುದರಿಂದಲೇ ಆ ತುಂಡು ಭೂಮಿಯ ಗುರುತು ಗಟ್ಟಿಯಾಗುತ್ತದೆ. ದತ್ತಾಂಶ ಮಾದರಿಯಲ್ಲೂ ಹಾಗೆಯೇ, ಈ ಸೆನ್ಸರ್ ಈ ಸೇತುವೆಗೆ ಕೂರಿಸಿದ್ದು, ಈ ಸೇತುವೆ ಈ ಕಾಲುವೆಯ ಮೇಲಿದೆ, ಈ ಕಾಲುವೆಗೆ ಮೇಲಿನ ಇಂಥ ಕೆರೆಯ ಕೋಡಿ ನೀರು ಬರುತ್ತದೆ, ಕೆಳಗೆ ಇದು ಇಂಥ ಅಂಡರ್‌ಪಾಸಿನ ಪಕ್ಕ ಹಾದುಹೋಗುತ್ತದೆ ಎಂದು ಒಂದೊಂದಾಗಿ ಬರೆದಿಡುತ್ತಾರೆ. ಆಗ ‘ಈ ಸೆನ್ಸರ್‌ನಲ್ಲಿ ಮಟ್ಟ ಏರಿದರೆ ಕೆಳಗೆ ಯಾರಿಗೆ ಅಪಾಯ’ ಎಂಬ ಪ್ರಶ್ನೆಗೆ ಕಂಪ್ಯೂಟರ್ ಈ ಕೊಂಡಿಗಳನ್ನು ಹಿಡಿದು ಹೋಗಿ ಉತ್ತರ ಹುಡುಕಬಲ್ಲದು. ಕೊಂಡಿಗಳಿಲ್ಲದಿದ್ದರೆ ಅದರ ಬಳಿ ಇರುವುದು ಸಂಖ್ಯೆಗಳ ಪಟ್ಟಿ ಮಾತ್ರ.

ಎಲ್ಲರೂ ಒಪ್ಪಿದ ಒಕ್ಕಣೆ

ಮಳೆಮಾಪಕ ಒಂದು ಸಂಸ್ಥೆಯದು, ಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಸಿಗ್ನಲ್ ಪೊಲೀಸರದು. ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ವಿವರ ಬರೆದರೆ, ನಾಲ್ಕು ಇಲಾಖೆಗಳ ಮಾಹಿತಿ ಒಂದೇ ಪರದೆಯ ಮೇಲೆ ಕಾಣಿಸಬಹುದೇ ಹೊರತು ಒಂದೇ ಲೆಕ್ಕದಲ್ಲಿ ಸೇರುವುದಿಲ್ಲ. ಹಾಗಾಗಿ ಎಲ್ಲರೂ ಒಪ್ಪುವ ಮಾನಕಗಳು ಬೇಕಾದವು.

ಭೌಗೋಳಿಕ ಮಾಹಿತಿಯ ಮಾನಕಗಳನ್ನು ರೂಪಿಸುವ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2016ರಲ್ಲಿ ‘ಸೆನ್ಸರ್‌ಥಿಂಗ್ಸ್’ ಎಂಬ ಮಾನಕವನ್ನು ಪ್ರಕಟಿಸಿತು. ಅದರಲ್ಲಿ ಅಳೆಯುವ ಉಪಕರಣ ಬೇರೆ, ಅಳೆಯುವ ಗುಣ ಬೇರೆ, ಯಾವುದನ್ನು ಅಳೆಯುತ್ತೇವೋ ಅದು ಬೇರೆ, ಬಂದ ಅಳತೆ ಬೇರೆ. ಇದು ಮೇಲುನೋಟಕ್ಕೆ ಅತಿ ಸೂಕ್ಷ್ಮದ ವಿಂಗಡಣೆ ಅನ್ನಿಸಬಹುದು. ಆದರೆ ಸಿಡಿಲು ಬಡಿದು ಹಾಳಾದ ಶಬ್ದದ ಸೆನ್ಸರ್ ತೆಗೆದು ರೇಡಾರ್ ಸೆನ್ಸರ್ ಹಾಕಿದ ದಿನ ಅದರ ಬೆಲೆ ತಿಳಿಯುತ್ತದೆ: ಉಪಕರಣ ಬದಲಾಯಿತು, ಕಾಲುವೆ ಅದೇ, ಅಳೆಯುವ ಗುಣ ಅದೇ, ಆ ಜಾಗದ ಹತ್ತು ವರ್ಷದ ಇತಿಹಾಸ ಮುರಿಯದೆ ಮುಂದುವರಿಯಿತು. ಐರೋಪ್ಯ ದೂರಸಂಪರ್ಕ ಮಾನಕ ಸಂಸ್ಥೆ 2019ರಲ್ಲಿ ಹೊರತಂದ ‘ಎನ್‌ಜಿಎಸ್‌ಐ-ಎಲ್‌ಡಿ’ ಎಂಬ ಇನ್ನೊಂದು ಮಾನಕ ಸಂಬಂಧಗಳಿಗೆ ಹೆಚ್ಚು ಒತ್ತು ಕೊಡುತ್ತದೆ. ಅದರಲ್ಲಿ ನಗರದ ಪ್ರತಿಯೊಂದೂ ಒಂದು ಘಟಕ. ಘಟಕಕ್ಕೆ ಗುಣಗಳಿರುತ್ತವೆ ಮತ್ತು ಬೇರೆ ಘಟಕಗಳೊಂದಿಗೆ ಸಂಬಂಧಗಳಿರುತ್ತವೆ.

ಭಾರತದಲ್ಲಿ ಇದೇ ಉದ್ದೇಶಕ್ಕೆ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ‘ಇಂಡಿಯಾ ಅರ್ಬನ್ ಡೇಟಾ ಎಕ್ಸ್‌ಚೇಂಜ್’ ಎಂಬ ವೇದಿಕೆಯನ್ನು ರೂಪಿಸಿದೆ. ಯಾವ ನಗರದ ಯಾವ ಮಾಹಿತಿ ಎಲ್ಲಿದೆ, ಅದರ ಒಕ್ಕಣೆ ಹೇಗಿದೆ, ಯಾರಿಗೆ ಕೊಡಬಹುದು ಎಂಬುದನ್ನು ನೋಡಿಕೊಳ್ಳುವುದು ಅದರ ಕೆಲಸ.

ಅಳತೆ ತಲುಪುವ ದಾರಿ

ಸೇತುವೆಯ ಕೆಳಗಿನ ಪೆಟ್ಟಿಗೆಗೆ ಸಾಮಾನ್ಯವಾಗಿ ಕರೆಂಟ್ ಸಂಪರ್ಕ ಇರುವುದಿಲ್ಲ. ಬ್ಯಾಟರಿ ಮತ್ತು ಅಂಗೈಯಗಲದ ಸೌರಫಲಕದಿಂದ ವರ್ಷಗಟ್ಟಲೆ ನಡೆಯಬೇಕು. ಆದ್ದರಿಂದ ಅದು ಸದಾ ಮಾತಾಡುತ್ತಿರುವುದಿಲ್ಲ. ಹತ್ತೋ ಹದಿನೈದೋ ನಿಮಿಷಕ್ಕೊಮ್ಮೆ ಎದ್ದು, ಕೆಲವೇ ಅಕ್ಷರಗಳ ಸಂದೇಶ ಕಳಿಸಿ ಮಲಗುತ್ತದೆ. ಇದಕ್ಕೆ ಮೊಬೈಲ್ ಜಾಲವನ್ನೋ, ‘ಲೋರಾ’ದಂಥ ಕಡಿಮೆ ಶಕ್ತಿಯ ರೇಡಿಯೊ ಜಾಲವನ್ನೋ ಬಳಸುತ್ತಾರೆ.

ಸಂದೇಶ ಸಾಗಿಸಲು ಹೆಚ್ಚಾಗಿ ಬಳಕೆಯಾಗುವ ‘ಎಂಕ್ಯೂಟಿಟಿ’ ಎಂಬ ಪದ್ಧತಿ 1999ರಲ್ಲಿ ಹುಟ್ಟಿದ್ದು ಮರುಭೂಮಿಯ ತೈಲ ಕೊಳವೆಗಳನ್ನು ಉಪಗ್ರಹದ ಮೂಲಕ ಗಮನಿಸುವುದಕ್ಕೆ. ಅದರಲ್ಲಿ ಒಂದು ಉಪಯುಕ್ತ ಏರ್ಪಾಡಿದೆ. ಉಪಕರಣ ಜಾಲಕ್ಕೆ ಸೇರುವಾಗಲೇ ‘ನನ್ನ ಸಂಪರ್ಕ ತಪ್ಪಿದರೆ ಇದನ್ನು ಎಲ್ಲರಿಗೂ ತಿಳಿಸಿ’ ಎಂದು ಒಂದು ಸಂದೇಶವನ್ನು ಮುಂಚಿತವಾಗಿ ಒಪ್ಪಿಸಿಡಬಹುದು; ಅದಕ್ಕೆ ಆ ಪದ್ಧತಿಯಲ್ಲಿ ಉಯಿಲು ಎಂದೇ ಹೆಸರು. ನೆರೆಯ ರಾತ್ರಿ ಇದು ಬಹಳ ಮುಖ್ಯ. ಕಾಲುವೆಯಲ್ಲಿ ನೀರಿಲ್ಲ ಎಂಬುದಕ್ಕೂ ಸೆನ್ಸರ್ ಕೊಚ್ಚಿಹೋಗಿದೆ ಎಂಬುದಕ್ಕೂ ಇರುವ ವ್ಯತ್ಯಾಸ ಡಿಜಿಟಲ್ ಅವಳಿಗೆ ತಿಳಿಯಬೇಕು. ಬರದೇ ಹೋದ ಅಳತೆಯ ಜಾಗದಲ್ಲಿ ಸೊನ್ನೆ ತುಂಬುವ ವ್ಯವಸ್ಥೆ, ಎಲ್ಲಕ್ಕಿಂತ ಹೆಚ್ಚು ಅಪಾಯ ಇರುವ ಜಾಗವನ್ನೇ ಎಲ್ಲಕ್ಕಿಂತ ಸುರಕ್ಷಿತ ಎಂದು ತೋರಿಸೀತು.

ನೀರಿನ ಲೆಕ್ಕ

ಅಳತೆಗಳು ಈಗಿನ ಸ್ಥಿತಿಯನ್ನು ಹೇಳುತ್ತವೆ. ಇನ್ನರ್ಧ ಗಂಟೆಯ ಸ್ಥಿತಿ ಹೇಳಲು ಭೌತಶಾಸ್ತ್ರ ಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಊರಿನೊಳಗೆ ದೊಡ್ಡ ನದಿಯಿಲ್ಲ. ಬಿದ್ದ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಹಂಚಿಕೊಂಡು, ಮೊದಲನೆಯದು ಅರ್ಕಾವತಿಯ ಮೂಲಕ ಕಾವೇರಿಗೂ ಉಳಿದೆರಡು ದಕ್ಷಿಣ ಪಿನಾಕಿನಿಗೂ ಹೋಗುತ್ತವೆ. ಹಿಂದೆ ಈ ದಾರಿಯುದ್ದಕ್ಕೂ ಸರಪಣಿಯಾಗಿದ್ದ ಕೆರೆಗಳು ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತಿದ್ದವು.

ಲೆಕ್ಕ ಹೀಗೆ ನಡೆಯುತ್ತದೆ. ನಗರವನ್ನು ಸಣ್ಣ ಸಣ್ಣ ಜಲಾನಯನ ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಂಡಿನ ವಿಸ್ತೀರ್ಣ, ಇಳಿಜಾರು, ಅದರಲ್ಲಿ ಕಾಂಕ್ರೀಟು ಮತ್ತು ಡಾಂಬರು ಮುಚ್ಚಿದ ಭಾಗ ಎಷ್ಟು ಎಂಬುದನ್ನು ದಾಖಲಿಸುತ್ತಾರೆ. ಒಂದು ಹೆಕ್ಟೇರ್ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಲಕ್ಷ ಲೀಟರ್ ನೀರು. ಹೊಲವಾಗಿದ್ದರೆ ಬಹುಭಾಗ ಇಂಗುತ್ತದೆ. ಪೂರಾ ಕಟ್ಟಡ ಮತ್ತು ರಸ್ತೆಯಾಗಿದ್ದರೆ ಬಹುತೇಕ ಎಲ್ಲವೂ ನಿಮಿಷಗಳಲ್ಲಿ ಚರಂಡಿಗೆ ಬರುತ್ತದೆ. ಅಲ್ಲಿಂದ ಮುಂದೆ ಕಾಲುವೆಯ ಅಗಲ, ಆಳ, ಇಳಿಜಾರು ಮತ್ತು ಒರಟುತನದಿಂದ ನೀರಿನ ವೇಗವನ್ನು ಕಂಡುಹಿಡಿಯುತ್ತಾರೆ. ಈ ಬಗೆಯ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಉಚಿತ ತಂತ್ರಾಂಶವೊಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ‘ಎಸ್‌ಡಬ್ಲ್ಯುಎಂಎಂ’. 1971ರಿಂದ ಬಳಕೆಯಲ್ಲಿರುವ ಇದು ಇಂದಿಗೂ ಪರಿಷ್ಕರಣೆಯಾಗುತ್ತಿದೆ.

ಒರಟುತನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅವಳಿಗೂ ನಿಜಕ್ಕೂ ಅಂತರ ಹುಟ್ಟುವುದು ಇಂಥಲ್ಲೇ. ಎಂಜಿನಿಯರುಗಳು ಬಳಸುವ ಮ್ಯಾನಿಂಗ್ ಸೂತ್ರದಲ್ಲಿ ನಯವಾದ ಕಾಂಕ್ರೀಟ್ ಕಾಲುವೆಯ ಒರಟುತನದ ಅಂಕ ಸುಮಾರು 0.013, ಕಳೆ, ಕಲ್ಲು ತುಂಬಿದ ಮಣ್ಣಿನ ಕಾಲುವೆಯದು 0.035 ಅಥವಾ ಇನ್ನೂ ಹೆಚ್ಚು. ಅಂಕ ಹೆಚ್ಚಿದಷ್ಟೂ ವೇಗ ತಗ್ಗುತ್ತದೆ. ಅಂದರೆ ಅಗಲ, ಆಳ, ಇಳಿಜಾರು ಒಂದಿಷ್ಟೂ ಬದಲಾಗದ ಕಾಲುವೆ ಕೂಡ ಕಳೆ ತುಂಬಿದಾಗ ಮೊದಲಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರನ್ನಷ್ಟೇ ಸಾಗಿಸಬಲ್ಲದು. ಕಾಮಗಾರಿ ಮುಗಿದ ದಿನದ ನಕ್ಷೆ ನೋಡಿ ಕಟ್ಟಿದ ಅವಳಿಗೆ ಈ ಕಳೆ ಕಾಣುವುದಿಲ್ಲ.

ಕಾಣುವಂತೆ ಮಾಡುವುದು ಸೆನ್ಸರ್. ಇಷ್ಟು ಮಳೆಗೆ ಇಲ್ಲಿ 1.2 ಮೀಟರ್ ನೀರಿರಬೇಕು ಎಂದು ಲೆಕ್ಕ ಹೇಳುತ್ತಿರುವಾಗ ಸೆನ್ಸರ್ 1.7 ತೋರಿಸಿದರೆ ಎರಡರಲ್ಲಿ ಒಂದು ತಪ್ಪಿದೆ. ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಅವುಗಳ ಹಿಂದಿನ ನಿಖರತೆಯ ಆಧಾರದ ಮೇಲೆ ತೂಗಿ, ಎರಡರ ನಡುವಿನ ಉತ್ತಮ ಅಂದಾಜಿಗೆ ಬರುವ ಗಣಿತ ವಿಧಾನಗಳಿವೆ. ರುಡಾಲ್ಫ್ ಕಾಲ್‌ಮನ್ 1960ರಲ್ಲಿ ಪ್ರಕಟಿಸಿದ್ದು ಅವುಗಳಲ್ಲಿ ಹೆಸರಾದದ್ದು. ವ್ಯತ್ಯಾಸ ಮಳೆಯಿಂದ ಮಳೆಗೆ ಒಂದೇ ದಿಕ್ಕಿನಲ್ಲಿ ಉಳಿದರೆ, ಆ ಕಾಲುವೆಯಲ್ಲಿ ಹೂಳೋ ಕಳೆಯೋ ಒತ್ತುವರಿಯೋ ಇರಬೇಕೆಂಬ ಸುಳಿವು ಸಿಗುತ್ತದೆ. ನೋಡಿಬರಲು ಯಾರನ್ನಾದರೂ ಅಲ್ಲಿಗೇ ಕಳಿಸಬೇಕು.

ಬೆಂಗಳೂರಿನ ಮಟ್ಟಿಗೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜೊತೆಗೂಡಿ ಇಂಥ ನೆರೆ ಮಾದರಿಯೊಂದನ್ನು ಕಟ್ಟಿವೆ. ಇದೇ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೂ ಇದ್ದು, ರೈತರು ಮಳೆ ಮಾಹಿತಿಗಾಗಿ ಕರೆ ಮಾಡುವ ‘ವರುಣಮಿತ್ರ’ ಸಹಾಯವಾಣಿ ಅದೇ ಜಾಲದ ಮೇಲೆ ನಿಂತಿದೆ.

ಸಿಂಗಪುರ ಮತ್ತು ಹೆಲ್ಸಿಂಕಿ

ಇಡೀ ದೇಶಕ್ಕೇ ಡಿಜಿಟಲ್ ಪ್ರತಿರೂಪ ಕಟ್ಟಲು ಹೊರಟವರಲ್ಲಿ ಸಿಂಗಪುರ ಮೊದಲಿನದು. 2014ರಲ್ಲಿ ಘೋಷಿಸಿದ ‘ವರ್ಚುಯಲ್ ಸಿಂಗಪುರ’ ಯೋಜನೆಗೆ 7.3 ಕೋಟಿ ಸಿಂಗಪುರ ಡಾಲರ್ ಮೀಸಲಿಟ್ಟಿದ್ದರು. ವಿಮಾನದಿಂದ ಲೇಸರ್ ಹಾಯಿಸಿ ದ್ವೀಪದ ಮೇಲ್ಮೈಯನ್ನೂ ಕಟ್ಟಡಗಳನ್ನೂ ಅಳೆದರು. ಯಾವ ಚಾವಣಿಗೆ ಎಷ್ಟು ಬಿಸಿಲು ಬೀಳುತ್ತದೆ, ಹೊಸ ವಸತಿ ಸಮುಚ್ಚಯದ ನಡುವೆ ಗಾಳಿ ಹೇಗೆ ಹಾಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಇಂಥ ಮಾದರಿ ಉಪಯೋಗಕ್ಕೆ ಬರುತ್ತದೆ.

ಹೆಲ್ಸಿಂಕಿಯ ಅನುಭವ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಆ ನಗರ ಒಂದಲ್ಲ, ಎರಡು ಮಾದರಿಗಳನ್ನು ಕಟ್ಟಿತು. ಒಂದು, ಆಕಾಶದಿಂದ ತೆಗೆದ ಸಾವಿರಾರು ಫೋಟೊಗಳನ್ನು ಹೆಣೆದು ಮಾಡಿದ, ನೋಡಲು ಥೇಟ್ ನಗರದಂತಿರುವ ಮೂರು ಆಯಾಮದ ಚಿತ್ರ. ಇದರಲ್ಲಿ ಮರವೂ ಗೋಡೆಯೂ ರಸ್ತೆಯೂ ಒಂದೇ ಹೊದಿಕೆ. ಎಲ್ಲಿ ಒಂದು ಮನೆ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಇನ್ನೊಂದು, ‘ಸಿಟಿಜಿಎಂಎಲ್’ ಎಂಬ ಮಾನಕದಲ್ಲಿ ಬರೆದ ಮಾಹಿತಿ ಮಾದರಿ. ನೋಟಕ್ಕೆ ಪೆಟ್ಟಿಗೆ ಜೋಡಿಸಿದಂತಿದ್ದರೂ ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಗುರುತು, ಗೋಡೆ-ಚಾವಣಿಗಳಿಗೆ ಪ್ರತ್ಯೇಕ ಹೆಸರು, ಕಟ್ಟಿದ ವರ್ಷ, ಶಾಖ ವ್ಯವಸ್ಥೆಯಂಥ ವಿವರಗಳು ಅದರಲ್ಲಿ ಸೇರುತ್ತವೆ. ಕಟ್ಟಡಗಳ ವಿದ್ಯುತ್ ಮತ್ತು ಶಾಖ ಬಳಕೆಯನ್ನು ತೋರಿಸುವ ನಗರದ ಇಂಧನ ನಕಾಶೆ ನಿಂತಿರುವುದು ಈ ಎರಡನೆಯದರ ಮೇಲೆ. ಪ್ರದರ್ಶನಕ್ಕೆ ಮೊದಲನೆಯದು ಚೆನ್ನ.

ಅವಳಿ ತಪ್ಪುವುದು ಎಲ್ಲಿ

ಅವಳಿ ಒಮ್ಮೆ ಕಟ್ಟಿ ಮುಗಿಸುವ ಕಾಮಗಾರಿಯಲ್ಲ. ಸೆನ್ಸರ್ ಮೇಲೆ ಜೇಡ ಬಲೆ ಕಟ್ಟುತ್ತದೆ, ಬ್ಯಾಟರಿ ಸಾಯುತ್ತದೆ, ಸೌರಫಲಕದ ಮೇಲೆ ಧೂಳು ಕೂರುತ್ತದೆ, ಸಿಮ್ ಕಾರ್ಡಿನ ಬಾಕಿ ಕಟ್ಟದೆ ಸಂಪರ್ಕ ಹೋಗುತ್ತದೆ. ನಗರವೂ ಸುಮ್ಮನಿರುವುದಿಲ್ಲ: ಮೆಟ್ರೊ ಕಂಬಕ್ಕಾಗಿ ಕಾಲುವೆಯ ದಾರಿ ತಿರುಗುತ್ತದೆ, ಖಾಲಿ ನಿವೇಶನ ಅಪಾರ್ಟ್‌ಮೆಂಟ್ ಆಗುತ್ತದೆ. ಇವನ್ನೆಲ್ಲ ಯಾರು, ಎಷ್ಟು ದಿನಕ್ಕೊಮ್ಮೆ ತಿದ್ದುತ್ತಾರೆ, ಅದಕ್ಕೆ ಹಣ ಯಾವ ಲೆಕ್ಕದಿಂದ ಬರುತ್ತದೆ ಎಂಬ ಪ್ರಶ್ನೆ ತಂತ್ರಜ್ಞಾನದ ಪ್ರಶ್ನೆಯಂತೆ ಕಾಣದಿದ್ದರೂ ಅವಳಿಯ ಆಯುಷ್ಯ ನಿರ್ಧಾರವಾಗುವುದು ಅದರಿಂದಲೇ.

ಎತ್ತರದ ನಿಖರತೆಯೂ ಅಷ್ಟೇ ದೊಡ್ಡ ವಿಷಯ. ರಸ್ತೆಯ ಮೇಲೆ 15 ಸೆಂಟಿಮೀಟರ್ ನೀರಿಗೂ 45 ಸೆಂಟಿಮೀಟರ್ ನೀರಿಗೂ ದ್ವಿಚಕ್ರ ವಾಹನ ಸವಾರರ ಮಟ್ಟಿಗೆ ಅಜಗಜಾಂತರ. ನೆಲದ ಎತ್ತರದ ನಕ್ಷೆಯಲ್ಲೇ ಒಂದು ಮೀಟರ್ ತಪ್ಪಿದ್ದರೆ ಈ ವ್ಯತ್ಯಾಸ ಹೇಳಲಾಗುವುದಿಲ್ಲ. ಉಪಗ್ರಹದಿಂದ ಪಡೆದ ಉಚಿತ ಎತ್ತರದ ನಕ್ಷೆಗಳು ನಗರದ ನೆರೆಗೆ ಸಾಲದಿರುವುದೂ, ಲೇಸರ್ ಸಮೀಕ್ಷೆಗೆ ಖರ್ಚು ಮಾಡಬೇಕಾಗುವುದೂ ಇದಕ್ಕಾಗಿ.

ನೀರಿನ ಮಟ್ಟ ಯಾರ ಗುಟ್ಟೂ ಅಲ್ಲ. ಆದರೆ ಅದೇ ವೇದಿಕೆಗೆ ಕ್ಯಾಮೆರಾ, ವಾಹನದ ನಂಬರು, ಮನೆಯ ಸ್ಮಾರ್ಟ್ ಮೀಟರ್ ಸೇರಿದಾಗ ಸ್ಥಿತಿ ಬೇರೆ. ವಿದ್ಯುತ್ ಬಳಕೆಯ ಏರಿಳಿತ ನೋಡಿದರೆ ಮನೆಯಲ್ಲಿ ಜನ ಯಾವಾಗ ಇರುವುದಿಲ್ಲ ಎಂದು ಊಹಿಸಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ದತ್ತಾಂಶ ಮಾದರಿಯನ್ನು ಬರೆಯುವಾಗಲೇ ಯಾವ ಗುಣವನ್ನು ಯಾರು ನೋಡಬಹುದು, ಎಷ್ಟು ದಿನ ಉಳಿಸಬೇಕು ಎಂಬುದನ್ನೂ ಬರೆದುಬಿಟ್ಟರೆ ಕೆಲಸ ಹಗುರ. ಅವಳಿ ಬೆಳೆದ ಮೇಲೆ ಅದನ್ನು ತುರುಕುವುದು ಕಷ್ಟ.

ಪಾಲಿಕೆಯ ಗಡಿ, ನೀರಿನ ಗಡಿ

ಬೆಂಗಳೂರಿನ ಆಡಳಿತ 2025ರ ಸೆಪ್ಟೆಂಬರ್‌ನಲ್ಲಿ ಬದಲಾಯಿತು. ಒಂದೇ ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಕಣಿವೆಗಳು ಮಾತ್ರ ಇದ್ದಲ್ಲೇ ಇವೆ, ಒಂದು ಪಾಲಿಕೆಯಲ್ಲಿ ಬಿದ್ದ ಮಳೆ ಇನ್ನೊಂದು ಪಾಲಿಕೆಯ ಕಾಲುವೆಯಲ್ಲಿ ಏರುತ್ತದೆ.

ಸಂಬಂಧಗಳನ್ನು ಪ್ರತ್ಯೇಕವಾಗಿ ಬರೆದಿಟ್ಟ ಮಾದರಿಗೆ ಇದು ದೊಡ್ಡ ಸಮಸ್ಯೆಯಲ್ಲ. ‘ಈ ಕಾಲುವೆಯ ನೀರು ಆ ಕಾಲುವೆಗೆ ಹರಿಯುತ್ತದೆ’ ಎಂಬುದು ಒಂದು ಬಗೆಯ ಕೊಂಡಿ. ‘ಈ ಕಾಲುವೆಯ ನಿರ್ವಹಣೆ ಇಂಥ ಪಾಲಿಕೆಯದು’ ಎಂಬುದು ಇನ್ನೊಂದು. ಆಡಳಿತ ಬದಲಾದಾಗ ಎರಡನೆಯದನ್ನು ಮಾತ್ರ ತಿದ್ದಿದರೆ ಸಾಕು. ಮೊದಲನೆಯದು, ಅದರ ಜೊತೆಗೆ ಅಷ್ಟು ವರ್ಷದ ಅಳತೆಗಳು ಮತ್ತು ಒರಟುತನದ ಅಂಕಗಳು ಹಾಗೆಯೇ ಉಳಿಯುತ್ತವೆ. ಬದಲಿಗೆ ಪ್ರತಿ ಸೆನ್ಸರ್‌ನ ಗುರುತಿನ ಸಂಖ್ಯೆಯಲ್ಲೇ ಹಳೆಯ ವಲಯ ಮತ್ತು ವಾರ್ಡಿನ ನಂಬರನ್ನು ಹೆಣೆದಿಟ್ಟಿದ್ದರೆ, ಗಡಿ ಬದಲಾದಾಗಲೆಲ್ಲ ಒಂದೊಂದು ಪೆಟ್ಟಿಗೆಗೂ ಹೊಸ ಹೆಸರು ಕೊಟ್ಟು, ಹಳೆಯ ದಾಖಲೆಗಳನ್ನು ಹೊಸ ಹೆಸರಿಗೆ ಮತ್ತೆ ಜೋಡಿಸಬೇಕಾಗುತ್ತದೆ.